ಕತ್ತಲಕ್ಕ ಒತ್ತದ ಗುಂಡಿ

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಾಲ್ಕು ಕಂಪ್ಯೂಟರ್ ಯಂತ್ರಗಳ ಫ್ಯಾನುಗಳು ಒಂದೇ ಸಮನೆ ಮೊರೆಯುತ್ತಿವೆ. ಸ್ವೆಟರಿನ ಮೇಲೆ ಶಾಲು ಹೊದ್ದ ಐವತ್ತಾರರ ಹೆಂಗಸೊಬ್ಬರು ಮೂಗು ತಾಗುವಷ್ಟು ಬಗ್ಗಿ ಪರದೆಯ ಮೇಲೆ ಸ್ಕ್ಯಾನ್ ಜಮೆಯಾಗುವ ವೇಗ ತೋರಿಸುವ ಅಂಕಿಯನ್ನು ನೋಡುತ್ತಿದ್ದಾರೆ. ಇಪ್ಪತ್ತೆರಡು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡುತ್ತಾರೆ. ಇಪ್ಪತ್ತೆರಡೇ. ನಿನ್ನೆ ಸಂಜೆ ಅವರು ಮನೆಗೆ ಹೊರಟಾಗ ಅದೇ ಜಾಗದಲ್ಲಿ ಆರುನೂರು ಇತ್ತು.

‘ಓಡ್ತಿದ್ದ ಕುದುರೆ ರಾತ್ರಿ ಬೆಳಗಾಗೋದ್ರೊಳಗೆ ತೆವಳೋಕೆ ಶುರು ಮಾಡಿದ್ರೆ ಹೇಗಿರುತ್ತೆ ಹೇಳಿ?’ ಎನ್ನುತ್ತಾರೆ ಅವರು.

ಇಲ್ಲಿ ಎಲ್ಲರೂ ಅವರನ್ನು ಕರೆಯುವುದು ಕತ್ತಲಕ್ಕ ಎಂದು. ಹತ್ತೊಂಬತ್ತು ವರ್ಷ ಇದೇ ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಎಕ್ಸ್‌ರೇ ಫಿಲ್ಮ್ ತೊಳೆದವರು. ರಾಸಾಯನಿಕಕ್ಕೆ ಬೆರಳ ತುದಿಗಳು ಸುಟ್ಟು ಇವತ್ತಿಗೂ ಫೋನಿನ ಪರದೆ ಅವರ ಹೆಬ್ಬೆರಳ ಗುರುತು ಹಿಡಿಯುವುದಿಲ್ಲ. ಫಿಲ್ಮ್ ಹೋಗಿ ಕಂಪ್ಯೂಟರ್ ಬಂದಾಗ ಜೊತೆಯವರೆಲ್ಲ ಕೆಲಸ ಬಿಟ್ಟರು. ಇವರು ಮಾತ್ರ ನಲವತ್ತರ ವಯಸ್ಸಿನಲ್ಲಿ ಸಂಜೆ ತರಗತಿಗೆ ಸೇರಿ, ತಮ್ಮ ಅರ್ಧ ವಯಸ್ಸಿನವರ ಪಕ್ಕ ಕೂತು ಡಿಸ್ಕ್ ಬಿಚ್ಚಿ ಜೋಡಿಸುವುದನ್ನು ಕಲಿತರು. ಯಜಮಾನರು ಸಿಟಿ ಬಸ್ಸಿನ ಚಾಲಕ. ಅವರ ಮೊದಲ ಬಸ್ಸಿನಲ್ಲೇ ಇವರ ಸವಾರಿ. ಹಾಗಾಗಿ ಆರಕ್ಕೆ ಮೊದಲೇ ಹಾಜರು. ತೊಂಬತ್ತಾರು ಡಿಸ್ಕುಗಳು, ದಿನಕ್ಕೆ ಸುಮಾರು ಒಂಬೈನೂರು ಸ್ಕ್ಯಾನ್‌ಗಳು ಅವರ ಕಾವಲಿನಲ್ಲಿವೆ. ಇದುವರೆಗೆ ಕೆಟ್ಟ ಡಿಸ್ಕುಗಳನ್ನು ಬದಲಿಸಿದ್ದು ಇನ್ನೂರ ಹನ್ನೊಂದು. ಕಳೆದುಹೋದ ಸ್ಕ್ಯಾನ್ ಒಂದೂ ಇಲ್ಲ.

ಆ ಬೆಳಿಗ್ಗೆ ಆಗಿದ್ದಿಷ್ಟು. ಹಿಂದಿನ ಸಂಜೆ, ಮೇಲಿನವರ ಆದೇಶದಂತೆ, ಕತ್ತಲಕ್ಕ ನಾಲ್ಕೂ ಯಂತ್ರಗಳಿಗೆ ಹೊಸ ಫರ್ಮ್‌ವೇರ್ ಹಾಕಿ, ಅದು ರಾತ್ರಿ ಜಾರಿಗೆ ಬರುವಂತೆ ಮಾಡಿ ಹೋಗಿದ್ದಾರೆ. ಯಂತ್ರದ ಬಿಡಿಭಾಗಗಳೊಳಗೇ ಕೂತು ಅವುಗಳನ್ನು ನಡೆಸುವ ಪುಟ್ಟ ತಂತ್ರಾಂಶವದು. ಬೆಳಗಾಗುವಷ್ಟರಲ್ಲಿ ವೇಗ ಮಣ್ಣುಪಾಲು. ಒಂಬತ್ತು ಸೆಕೆಂಡಿನಲ್ಲಿ ಜಮೆಯಾಗುತ್ತಿದ್ದ ಸ್ಕ್ಯಾನಿಗೆ ಈಗ ನಾಲ್ಕು ನಿಮಿಷ. ಏಳು ಗಂಟೆಗೆ ಮೇಲಿನ ಮಹಡಿಯಿಂದ ಫೋನು ಶುರು. ‘ಅಕ್ಕಾ, ತಲೆಗೆ ಪೆಟ್ಟಾದ ಮಗು ಬಂದಿದೆ, ಚಿತ್ರ ಇನ್ನೂ ಬಂದಿಲ್ಲ!’ ಎಂದು ಸ್ಕ್ಯಾನ್ ವಿಭಾಗದ ಡಾಕ್ಟರಮ್ಮನ ದನಿ.

ಕತ್ತಲಕ್ಕ ಎದ್ದುಬಿದ್ದು ಎರಡು ಮಹಡಿ ಹತ್ತುತ್ತಾರೆ. ಸ್ಕ್ಯಾನ್ ಯಂತ್ರದ ಸ್ವಂತ ಪರದೆಯಲ್ಲೇ ಮಗುವಿನ ಚಿತ್ರ ತೆರೆದುಕೊಡುತ್ತಾರೆ. ‘ಅರ್ಜೆಂಟ್ ಇದ್ದೋರದ್ದೆಲ್ಲ ಇಲ್ಲೇ ನೋಡಿ ಡಾಕ್ಟ್ರೇ. ಮಿಕ್ಕಿದ್ದು ನಿಧಾನಕ್ಕೆ ಕೆಳಗೆ ಬರಲಿ. ಇಲ್ಲಿಂದ ಏನೂ ಅಳಿಸ್ಬೇಡಿ,’ ಎಂದು ಹೇಳಿ ಮತ್ತೆ ನೆಲಮಾಳಿಗೆಗೆ ಇಳಿಯುತ್ತಾರೆ.

ಶುರುವಾಗುತ್ತದೆ ಪತ್ತೇದಾರಿಕೆ. ಕೇಬಲ್ ಸಡಿಲವೇ? ಇಲ್ಲ. ಯಾವುದಾದರೂ ಡಿಸ್ಕ್ ಸಾಯುತ್ತಿದೆಯೇ? ತೊಂಬತ್ತಾರೂ ಗಟ್ಟಿ. ನೆಟ್‌ವರ್ಕ್ ಚೆನ್ನಾಗಿದೆ. ಹಾಗಿದ್ದರೆ ಅಪ್‌ಡೇಟ್ ಆಗುವಾಗ ಯಾವುದೋ ಸೆಟ್ಟಿಂಗ್ ಬದಲಾಗಿರಬೇಕು. ತಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಹಳೆಯ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ತಾಳೆ ನೋಡುತ್ತಾ ಹೋದವರಿಗೆ ಮೂವತ್ತೊಂದನೆಯ ಸಾಲಿನಲ್ಲಿ ಸಿಕ್ಕಿತು: ಕ್ಯಾಷ್ ಬಂದ್.

‘ಡಿಸ್ಕ್‌ಗೆ ಬರೆಯೋದು ನಿಧಾನ ಕೆಲಸ,’ ಎಂದು ವಿವರಿಸುತ್ತಾರೆ ಅವರು. ‘ಅದಕ್ಕೆ ಮೊದಲು ಒಂದು ಚಿಪ್‌ನಲ್ಲಿ ಇಟ್ಕೊಂಡು, ಆಮೇಲೆ ಪುರುಸೊತ್ತಾಗಿ ಡಿಸ್ಕ್‌ಗೆ ಇಳಿಸುತ್ತೆ. ಅದೇ ಕ್ಯಾಷ್. ಮಧ್ಯದಲ್ಲಿ ಕರೆಂಟ್ ಹೋದ್ರೆ ಚಿಪ್‌ನಲ್ಲಿರೋದು ಉಳೀಲಿ ಅಂತ ಒಂದು ಪುಟ್ಟ ಬ್ಯಾಟರಿ ಇರುತ್ತೆ. ಇಷ್ಟೇ ಸಂಸಾರ.’

ಕ್ಯಾಷ್ ಮತ್ತೆ ಶುರುಮಾಡಲು ಪರದೆಯ ಮೇಲೊಂದು ಗುಂಡಿಯಿದೆ. ಒಂದೇ ಕ್ಲಿಕ್. ಯಂತ್ರದ ಕಂಪನಿಯ ಸಹಾಯವಾಣಿಯವನೂ ಫೋನಿನಲ್ಲಿ ಅದನ್ನೇ ಹೇಳಿದ. ಅಷ್ಟರಲ್ಲಿ ಆಡಳಿತಾಧಿಕಾರಿಯೇ ಬಾಗಿಲಲ್ಲಿ ಪ್ರತ್ಯಕ್ಷ.

‘ಏನಮ್ಮಾ ಇದು? ಒಂದು ಗುಂಡಿ ಒತ್ತೋಕೆ ಮುಹೂರ್ತ ನೋಡ್ಬೇಕಾ?’

‘ಒತ್ತಬಹುದು ಸರ್. ಆದ್ರೆ ಅದು ತಾನಾಗೇ ಯಾಕೆ ಬಂದ್ ಆಯ್ತು ಅಂತ ನೋಡ್ದೆ ಹೇಗೆ ಒತ್ತಲಿ?’

‘ಮೇಲೆ ಜನ ನನ್ನ ಜೀವ ತಿಂತಾ ಇದ್ದಾರೆ!’

‘ಹತ್ತು ನಿಮಿಷ ಕೊಡಿ ಸರ್. ನನ್ನನ್ನ ಆಮೇಲೆ ಬೈರಿ.’

ಅವರು ಮೊದಲ ಯಂತ್ರವನ್ನು ಕಪಾಟಿನ ಹಳಿಯ ಮೇಲೆ ಮೆಲ್ಲಗೆ ಹೊರಗೆಳೆದು ಮುಚ್ಚಳ ಸರಿಸುತ್ತಾರೆ. ಸರಿಸಿದವರೇ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಬೆಂಕಿಪೊಟ್ಟಣದಷ್ಟು ಚಪ್ಪಟೆಯಾಗಿರಬೇಕಿದ್ದ ಬ್ಯಾಟರಿ ದಿಂಬಿನಂತೆ ಊದಿ, ಸಿಪ್ಪೆ ಬಿರುಕು ಬಿಟ್ಟಿದೆ. ಎರಡನೆಯದನ್ನು ತೆರೆಯುತ್ತಾರೆ. ಅದೂ ಹಾಗೇ. ಮೂರನೆಯದು, ನಾಲ್ಕನೆಯದು. ನಾಲ್ಕೂ ಸತ್ತಿವೆ. ಇವತ್ತು ನಿನ್ನೆಯ ಸಾವಲ್ಲ. ಊತದ ಮೇಲೆ ಧೂಳು ಕೂತಿದೆ.

‘ಪ್ರತಿ ಸೋಮವಾರ ಕಣ್ಣಲ್ಲಿ ಕಣ್ಣಿಟ್ಟು ನೋಡಿದೀನಿ. ಬ್ಯಾಟರಿ ಚೆನ್ನಾಗಿದೆ ಅಂತಾನೇ ಬರ್ತಿತ್ತು. ಹಳೇ ಫರ್ಮ್‌ವೇರ್ ಎಷ್ಟು ದಿನದಿಂದ ನನ್ನ ಮುಖಕ್ಕೇ ಸುಳ್ಳು ಹೇಳ್ತಿತ್ತೋ! ಹೊಸದು ಬಂದು ನಿಜ ಹೇಳ್ತು, ಬ್ಯಾಟರಿ ಸತ್ತಿದೆ ಅಂತ ಕ್ಯಾಷ್ ಬಂದ್ ಮಾಡ್ತು. ನಾವೆಲ್ಲ ಸೇರಿ ಅದಕ್ಕೇ ಬೈತಿದ್ವಿ.’

ಆಡಳಿತಾಧಿಕಾರಿಗೆ ಇನ್ನೂ ಪೂರ್ತಿ ಅರ್ಥವಾಗಿಲ್ಲ. ‘ಅಂದ್ರೆ?’ ಎನ್ನುತ್ತಾರೆ.

‘ಅಂದ್ರೆ ಸರ್, ಈಗ ಕ್ಯಾಷ್ ಹಾಕಿ, ಕರೆಂಟ್ ಹೋದ್ರೆ, ಚಿಪ್‌ನಲ್ಲಿರೋದು ಹೋಗಿ ಡಿಸ್ಕ್‌ಗಳ ಲೆಕ್ಕಾನೇ ತಪ್ಪಿ, ಹಳೇ ಚಿತ್ರಗಳೂ ಕೈಬಿಟ್ಟು ಹೋಗಬಹುದು. ಯುಪಿಎಸ್ ಬೇರೆ ನಾಲ್ಕು ದಿನದಿಂದ ರಿಪೇರಿಗೆ ಹೋಗಿದೆ.’

ಅವರು ಗುಂಡಿ ಒತ್ತುವುದಿಲ್ಲ. ಬದಲಿಗೆ ಹೊಸ ಬ್ಯಾಟರಿಗೆ ಹೇಳಿಕಳಿಸಿ, ಹಳೆಯ ಚಿತ್ರಗಳನ್ನು ನಕಲು ಮಾಡುವ ಕೆಲಸವನ್ನೆಲ್ಲ ನಿಲ್ಲಿಸುತ್ತಾರೆ. ವೇಗ ಇಪ್ಪತ್ತೆರಡರಿಂದ ನಲವತ್ತಕ್ಕೆ ಏರುತ್ತದೆ. ಆಡಳಿತಾಧಿಕಾರಿ ಮುಖ ಗಂಟಿಕ್ಕಿಕೊಂಡೇ ಕೂತಿದ್ದಾರೆ. ಒಂಬತ್ತೂ ಇಪ್ಪತ್ತಕ್ಕೆ, ಪಕ್ಕದ ಬಟ್ಟೆ ಒಗೆಯುವ ವಿಭಾಗದಲ್ಲಿ ದೊಡ್ಡ ಒಣಗಿಸುವ ಯಂತ್ರ ಚಾಲೂ ಆದದ್ದೇ ತಡ, ಗೋಡೆಯಾಚೆ ‘ಠಪ್’ ಎಂಬ ಸದ್ದು. ದೀಪ ಹೋಗುತ್ತದೆ. ಫ್ಯಾನುಗಳ ಮೊರೆತ ಇಳಿದು, ಇಳಿದು, ನಿಲ್ಲುತ್ತದೆ.

‘ಹದಿನಾಲ್ಕು ವರ್ಷದಲ್ಲಿ ಆ ಕೋಣೆ ಅಷ್ಟು ಮೌನ ಆಗಿದ್ದು ನಾನು ಕೇಳಿರ್ಲಿಲ್ಲ,’ ಎನ್ನುತ್ತಾರೆ ಕತ್ತಲಕ್ಕ.

ಆರು ನಿಮಿಷಕ್ಕೆ ಕರೆಂಟ್ ಬರುತ್ತದೆ. ಯಂತ್ರಗಳು ಒಂದೊಂದಾಗಿ ಏಳುತ್ತವೆ. ನಾಲ್ಕೂ ಯಂತ್ರಗಳಲ್ಲಿ ಬೆಳಗಿನಿಂದ ಜಮೆಯಾಗಿದ್ದ ನೂರ ಹದಿನೆಂಟು ಸ್ಕ್ಯಾನ್‌ಗಳನ್ನು ಅವರು ಒಂದೂ ಬಿಡದೆ ತೆರೆದು ನೋಡುತ್ತಾರೆ. ನೂರ ಹದಿನೆಂಟೂ ಸರಿಯಾಗಿವೆ. ಅರ್ಧಕ್ಕೆ ನಿಂತಿದ್ದ ಮೂರು, ಮೇಲಿನ ಸ್ಕ್ಯಾನ್ ಯಂತ್ರದಲ್ಲಿ ಉಳಿದೇ ಇದ್ದವು, ಮತ್ತೆ ಕಳಿಸಿದ್ದಾಯಿತು. ಹಿಂದಿನ ಹದಿನಾಲ್ಕು ವರ್ಷಗಳ ಚಿತ್ರಗಳ ಕೂದಲೂ ಕೊಂಕಿಲ್ಲ.

ಆಡಳಿತಾಧಿಕಾರಿ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತಿದ್ದಾರೆ. ‘ನಾನೇ ಒತ್ತು ಅಂದಿದ್ನಲ್ಲಮ್ಮಾ,’ ಎಂದಷ್ಟೇ ಅವರ ಬಾಯಿಂದ ಹೊರಟ ಮಾತು. ಕತ್ತಲಕ್ಕ ತಮ್ಮ ಫ್ಲಾಸ್ಕಿನ ಚಹಾ ಬಗ್ಗಿಸಿ ಅವರ ಕೈಗೆ ಕೊಟ್ಟರಂತೆ. ಸಂಜೆಯೊಳಗೆ ಹೊಸ ಬ್ಯಾಟರಿಗಳು ಬಂದವು, ಅಂಕಿ ಮತ್ತೆ ಆರುನೂರಕ್ಕೆ ಏರಿತು. ತಲೆಗೆ ಪೆಟ್ಟಾಗಿದ್ದ ಮಗು ಐದನೆಯ ದಿನ ಮನೆಗೆ ಹೋಯಿತು. ಆ ಮಗುವಿನ ಮುಖವನ್ನು ಕತ್ತಲಕ್ಕ ನೋಡಿಲ್ಲ. ಅವರಿಗೆ ಗೊತ್ತಿರುವುದು ಅದರ ಫೈಲ್ ನಂಬರ್ ಮಾತ್ರ.

ಆಡಳಿತ ಮಂಡಳಿ ಸನ್ಮಾನ ಮಾಡುತ್ತೇವೆ ಎಂದಿತು. ಅವರು ಬೇಡವೇ ಬೇಡ ಎಂದು ಕೈ ಆಡಿಸಿಬಿಟ್ಟರು. ಹಾಗಾದರೆ ಏನು ಬೇಕು ಎಂದು ಕೇಳಿದರೆ ಬಾಗಿಲ ಕಡೆ ಬೊಟ್ಟು ಮಾಡುತ್ತಾರೆ. ಅಲ್ಲಿರುವ ಫಲಕದಲ್ಲಿ ಇವತ್ತಿಗೂ ‘ಸ್ಟೋರ್ ರೂಮ್’ ಎಂದೇ ಇದೆ.

‘ಅದೊಂದು ಬದಲಾಯಿಸಿ ಅಂತ ಹೇಳಿದೀನಿ. ನನ್ನ ಹೆಸರೇನೂ ಬೇಡ. ಕಂಪ್ಯೂಟರ್ ಕೋಣೆ ಅಂತ ಬರೆದ್ರೆ ಸಾಕು. ದಿನಾ ನಾಲ್ಕು ಜನ ಬಂದು ಪೊರಕೆ ಕೇಳ್ತಾರೆ. ಇಲ್ಲ ಅಂದ್ರೆ ಪಾಪ, ಬೇಜಾರಾಗಿ ಹೋಗ್ತಾರೆ.’