ಹೂಂಗುಟ್ಟುವ ಎಸ್ನಾತಜ್ಜಿ

ಗುಟು ಊರಿನ ಎಸ್ನಾತಜ್ಜಿಗೆ ಕತೆ ಹೇಳಲು ಬಾರದು. ಹೂಂಗುಟ್ಟಲು ಮಾತ್ರ ಇಡೀ ಜಿಂಬಾಬ್ವೆಯಲ್ಲಿ ಅವಳಂಥವಳು ಇನ್ನೊಬ್ಬಳಿಲ್ಲ. ಕತೆಯ ಒಂದೊಂದು ಸಾಲಿಗೂ ಕೇಳುವವರು ‘ಜೆಪ್ಫುಂಡೆ’ ಎನ್ನಬೇಕು. ಅನ್ನದಿದ್ದರೆ ಕತೆಯೊಳಗಿನ ಮೊಲ ಬಾವಿಯ ಕಟ್ಟೆಯಲ್ಲೇ ಕೂತಿರುತ್ತದೆ, ಕತೆ ಮುಂದೆ ಹೋಗದು. ಚಿಕ್ಕಂದಿನಲ್ಲಿ ಹೊಗೆ ತುಂಬಿದ ಅಡುಗೆಗುಡಿಸಲಲ್ಲಿ ಸುಟ್ಟ ಮೆಕ್ಕೆಜೋಳ ಕಡಿಯುತ್ತ ಅಕ್ಕ ಸರುಡ್ಜೈ ಕತೆ ಹೇಳುತ್ತಿದ್ದಳು, ಇವಳು ಹೂಂಗುಟ್ಟುತ್ತಿದ್ದಳು. ಈಗ ಅಕ್ಕ ದೂರದ ಬುಲವಾಯೊದಿಂದ, ಊರವರು ಸೇರಿ ಹಳೆ ಕತೆ ಕೂಡಿಡುವ ವಾಟ್ಸಾಪ್ ಗುಂಪಿಗೆ ತನ್ನ ದನಿಯಲ್ಲೇ ಕತೆ ಕಳಿಸುತ್ತಾಳೆ. ಅದನ್ನು ಕೇಳುತ್ತ ಅಜ್ಜಿ ಶೇಂಗಾ ಸುಲಿಯುವಾಗ ‘ಜೆಪ್ಫುಂಡೆ’, ಬಸ್ಸಿನಲ್ಲಿ ‘ಜೆಪ್ಫುಂಡೆ’. ಅಭ್ಯಾಸಬಲ, ಚರ್ಚಿನಲ್ಲಿ ಪಾದ್ರಿ ಉಸಿರೆಳೆದುಕೊಂಡರೂ ‘ಜೆಪ್ಫುಂಡೆ’. “ನೀನನ್ನೋದು ಫೋನಿಗೆ ಕೇಳಿಸಲ್ಲ ಅಜ್ಜೀ,” ಎಂದು ಹುಡುಗಿಯರು ನಗುತ್ತಾರೆ. “ಕತೆಗೆ ಕೇಳಿಸುತ್ತೆ. ನಿಮ್ಮ ಕೆಲಸ ನೋಡ್ಕೊಳ್ರೇ.” ಕತೆ ಉಳಿಸುತ್ತೇವೆಂದು ಹೊರಟ ಜಾಣರಿಗೆ ಕೇಳುವವರು ಯಾವತ್ತು ಲೆಕ್ಕಕ್ಕಿದ್ದರು? ಗುಂಪು ನೋಡಿಕೊಳ್ಳುವ ಮೇಷ್ಟ್ರು ಕುಡ್ಜೈ ಮೊನ್ನೆ ಅಕ್ಕನ ಕತೆಯನ್ನು ಕತ್ತರಿಸಿ, ಚಿಕ್ಕದು ಮಾಡಿ ಹಾಕಿದ. ಅಜ್ಜಿ ಹೂಂಗುಟ್ಟಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸಾಲು ಬಂತು, ಅದರ ಬೆನ್ನಿಗೇ ಇನ್ನೊಂದು. ಶೇಂಗಾ ಅಲ್ಲೇ ಬಿಟ್ಟು ನೆಟ್ಟಗೆ ಶಾಲೆಗೆ ನಡೆದಳು. “ಅಕ್ಕನ ಕತೆಯಿಂದ ಏನು ತೆಗೆದೆಯಪ್ಪಾ?” “ಒಂದು ಮಾತೂ ತೆಗೆದಿಲ್ಲ ಅಜ್ಜೀ. ಒಂದೊಂದು ಸಾಲಾದ ಮೇಲೂ ಅವ್ರು ಸುಮ್ನೆ ಇದ್ರಲ್ಲ, ಆ ಖಾಲಿ ಜಾಗ ಅಷ್ಟೇ. ಅಲ್ಲಿ ಯಾರೂ ಇರ್ಲಿಲ್ಲ.” “ಅಕ್ಕ ಕಾಯ್ತಿದ್ಲು ಕಣಪ್ಪ,” ಎಂದಳು ಅಜ್ಜಿ. “ಅಲ್ಲಿ ನಾನಿದ್ದೆ.”