ಕಂಡಕ್ಟರಿಗೆ ಹೊಲಿದ ಹಾಸಿಗೆ

ನಮ್ಮ ಸೋದರತ್ತೆಯನ್ನು ಬೀದಿಯೆಲ್ಲ ಹತ್ತಿ ಅತ್ತೆ ಎಂದೇ ಕರೆಯುತ್ತದೆ. ಹಾಸಿಗೆ ಹೊಲಿಯುವುದು ಅವಳ ಕಸುಬು. ಅವಳು ಹತ್ತಿ ಹಿಂಜಲು ಕೂತಳೆಂದರೆ ಮುಂದಿನ ಕೋಣೆಯಲ್ಲಿ ನೆಲ ಯಾವುದು, ಗಾಳಿ ಯಾವುದು ತಿಳಿಯುವುದಿಲ್ಲ. ಎಳೆಗಳು ಕಿಟಕಿಯ ಬಿಸಿಲಿನಲ್ಲಿ ಇಳಿಯಲೊಲ್ಲದೆ ತೇಲುತ್ತವೆ. ನಮ್ಮ ಹುಬ್ಬು, ಗೋಡೆಯ ಶಿಲುಬೆ, ಚಹಾದ ಲೋಟ ಎಲ್ಲವೂ ಬೆಳ್ಳಗಾಗುತ್ತವೆ. ಆಗ ಯಾರೂ ಜೋರಾಗಿ ಮಾತಾಡುವುದಿಲ್ಲ, ಬಾಯಿ ತೆರೆದರೆ ಹತ್ತಿ ಒಳಗೆ ಹೋಗುತ್ತದೆ ನೋಡಿ.

ಹೊಲಿದ ಹಾಸಿಗೆಯ ಮೇಲೆ ಮೊದಲು ತಾನೇ ಮಲಗಿ ನೋಡುವುದು ಅವಳ ಪದ್ಧತಿ. ನಿದ್ದೆ ಬಂದರೆ ಹಾಸಿಗೆ ಪಾಸು. ಅತ್ತೆಯೋ ಗೋಡೆಗೆ ಒರಗಿದರೂ ಗೊರಕೆ ಹೊಡೆಯುವವಳು. ಫೇಲಾದ ಹಾಸಿಗೆಯನ್ನು ನಾನಂತೂ ಕಂಡಿಲ್ಲ. "ನಮ್ಮ ಮೈಗೆ ಹೇಗೋ ಪಕ್ಕದವರ ಮೈಗೂ ಹಾಗೇ. ಯೇಸಪ್ಪ ಹೇಳಿದ್ದು ಇನ್ನೇನು?" ಎನ್ನುತ್ತಾಳೆ. ಹಾಸಿಗೆ ಹಿಡಿದವರಿಗೆ ಪುಕ್ಕಟೆ ಹೊಲಿದುಕೊಡುತ್ತಾಳೆ.

ಎದುರು ಮನೆಯ ಕಂಡಕ್ಟರು ಆಯುಷ್ಯವೆಲ್ಲ ಬಸ್ಸಿನಲ್ಲಿ ನಿಂತೇ ಕಳೆದವರು. ಲಕ್ವ ಹೊಡೆದು ಮಲಗಿದ ಮೇಲೆ ಬಾಲದ ಮೂಳೆಯ ಹತ್ತಿರ ಹುಣ್ಣಾಗಿತ್ತು. ಇನ್ನೂ ಆಳವಾದರೆ ಜೀವಕ್ಕೇ ಅಪಾಯ ಎಂದು ನರ್ಸಮ್ಮ ಹೇಳಿ ಹೋಗಿದ್ದಳು. ಅವರ ನರಳಾಟ ಬೀದಿಗೆ ಕೇಳುತ್ತಿತ್ತು. ನೋಡಿಕೊಳ್ಳುವವಳು ಸೊಸೆ ಒಬ್ಬಳೇ. ನಿದ್ದೆಗೆಟ್ಟು ಅವಳ ಕಣ್ಣುಗಳು ಗುಳಿಬಿದ್ದಿದ್ದವು.

ಅತ್ತೆ ಒಳ್ಳೆಯ ಹತ್ತಿ ತುಂಬಿ ಮೆತ್ತನೆಯ ಹಾಸಿಗೆ ಹೊಲಿದಳು. ಮಲಗಿದಳು, ಗೊರಕೆ ಹೊಡೆದಳು, ಇಬ್ಬರೂ ಹೊತ್ತುಕೊಂಡು ಹೋದೆವು. ಕಂಡಕ್ಟರನ್ನು ಅದರ ಮೇಲೆ ಮಲಗಿಸಿದ್ದೇ ತಡ, ಚೀರಿದರು.

"ನಿಮ್ಮ ದೇವರಿಗೆ ಹೇಳಮ್ಮ, ಮುಂದಿನ ಸ್ಟಾಪಲ್ಲೇ ನನ್ನ ಇಳಿಸಿಬಿಡ್ಲಿ."

ಹಾಸಿಗೆಯನ್ನು ವಾಪಸ್ಸು ಹೊತ್ತು ತಂದೆವು. ಅತ್ತೆ ಊಟ ಮಾಡಲಿಲ್ಲ. "ನನ್ನದು ಮೈತುಂಬ ಮಾಂಸ ಕಣೇ, ಅವರದು ಬರೀ ಮೂಳೆ. ನಾನು ನನಗೇ ಹೊಲ್ಕೊಂಡೆ," ಎಂದಳು. ನನಗೆ ಮೈಯೆಲ್ಲ ಉರಿಯಿತು. ಮಾಡಿದ್ದೇ ಹೆಚ್ಚು, ಮೇಲೆ ಬೈಸಿಕೊಳ್ಳುವುದು ಬೇರೆ!

ಮರುದಿನ ಮಧ್ಯಾಹ್ನ ಅವಳು ಬರಿಯ ಹಲಗೆಯ ಮೇಲೆ ಅಂಗಾತ ಮಲಗಿದಳು. "ಮೂಳೆ ಎಲ್ಲೆಲ್ಲಿ ಒತ್ತುತ್ತೆ ನೋಡ್ಬೇಕು. ನಾನು ಎಷ್ಟು ಗೋಗರೆದ್ರೂ ಹೊರಳೋಕೆ ಬಿಡಬೇಡ," ಎಂದಳು.

ಹತ್ತಿ ತೇಲುತ್ತಿತ್ತು. ಬಿಸಿಲು ಗೋಡೆಯಿಂದ ಇಳಿದು ಅವಳ ಪಾದಕ್ಕೆ ಬಂತು, ಪಾದದಿಂದ ಮೆಲ್ಲಗೆ ಮುಖಕ್ಕೆ. ಬೀದಿಯ ಗಾಡಿಗಳು ಎಲ್ಲೋ ನೀರು ಹರಿದ ಹಾಗೆ ಕೇಳುತ್ತಿದ್ದವು. ನನಗೇ ತೂಕಡಿಕೆ ಬಂತು, ನಿದ್ದೆಬುರುಕಿ ಅತ್ತೆ ಮಾತ್ರ ಎವೆ ಮುಚ್ಚಲಿಲ್ಲ.

"ಹಿಮ್ಮಡಿ," ಎಂದಳು. ಬಹಳ ಹೊತ್ತಿನ ಮೇಲೆ, "ಬೆನ್ನ ಕೆಳಗೆ... ಅಯ್ಯೋ ಯೇಸಪ್ಪ, ಇದನ್ನ ಅವರು ಹೇಗೆ ತಡ್ಕೊಂಡಿದಾರೆ?"

ಕಣ್ಣೀರು ಅವಳ ಕಿವಿಗೆ ಇಳಿಯುತ್ತಿತ್ತು. ಎಬ್ಬಿಸಲು ಹೋದರೆ ಬೈದು ಕೂರಿಸಿದಳು. ಅವಳನ್ನು ನಾನು ಎಷ್ಟು ಪ್ರೀತಿಸುತ್ತೇನೆಂದು ನನಗೆ ಅವತ್ತೇ ಗೊತ್ತಾಯಿತು.

ಎದ್ದವಳೇ ಹಾಸಿಗೆಯ ಹೊಲಿಗೆ ಬಿಚ್ಚಿದಳು. ಅದೇ ಹತ್ತಿಯಿಂದ ಸಣ್ಣ ಸಣ್ಣ ಮೆತ್ತೆಗಳಾದವು: ತೊಡೆಗೊಂದು, ಸೊಂಟದ ಮಗ್ಗುಲಿಗೊಂದು, ಹಿಮ್ಮಡಿ ಕೆಳಗೆ ತಾಗದಂತೆ ಮೀನಖಂಡಕ್ಕೊಂದು. ಹುಣ್ಣಿರುವ ಕಡೆ ಏನೂ ತಾಗಬಾರದು. ಅವರ ಮಗ್ಗುಲು ಬದಲಿಸಿದಾಗಲೆಲ್ಲ ಮೆತ್ತೆಗಳ ಜಾಗವನ್ನೂ ಬದಲಿಸಬೇಕು.

"ಮತ್ತೆ ಬಂದ್ರಾ?" ಎಂದರು ಕಂಡಕ್ಟರು. ಅತ್ತೆ ಒಂದೊಂದೇ ಮೆತ್ತೆಯನ್ನು ಒಳಗೆ ಸರಿಸಿದಳು. ಅವರು ಒಮ್ಮೆ ನರಳಿದರು, ಇನ್ನೊಮ್ಮೆ ಮೆಲ್ಲಗೆ ನರಳಿದರು. ಆಮೇಲೆ ಸದ್ದೇ ಇಲ್ಲ.

ಸೊಸೆ ಓಡಿಬಂದು ಅವರ ಮೂಗಿನ ಹತ್ತಿರ ಬೆರಳಿಟ್ಟಳು. "ಮಾವ! ಮಾವ!"

ಕಂಡಕ್ಟರು ಒಂದು ಕಣ್ಣು ತೆರೆದರು. "ಈಗ ತಾನೇ ನಿದ್ದೆ ಬಂದಿತ್ತಲ್ಲಮ್ಮ," ಎಂದು ಗೊಣಗಿ ಮತ್ತೆ ಮುಚ್ಚಿದರು.

ಅತ್ತೆ ಅವರ ಪಕ್ಕದ ಸ್ಟೂಲಿನ ಮೇಲೆ ಕೂತಳು. "ಹೋಗು ಮಗಳೇ, ನೀನೂ ಮಲಗು. ಮಗ್ಗುಲು ಬದಲಿಸೋಕೆ ನಾನಿದೀನಿ."

ಸೊಸೆ ಒಳಗಿನ ಕೋಣೆಯವರೆಗೂ ಹೋಗಲಿಲ್ಲ. ಅಲ್ಲೇ ಬಾಗಿಲ ಬಳಿ, ಬರಿ ನೆಲದ ಮೇಲೆ ಒರಗಿ ನಿದ್ದೆಹೋದಳು.