ಸಾಬಣ್ಣ ಕಾಕಾನ ಬಲಗಿವಿ

ಸಾಬಣ್ಣ ಕಾಕಾ ಕಲ್ಲಿನ ಮೇಲೆ ಬಲಗಿವಿ ಇಟ್ಟನೆಂದರೆ ಪಾಲಿಶ್ ಮಷೀನುಗಳೆಲ್ಲ ಬಂದ್ ಆಗಬೇಕು. ಶಹಾಬಾದಿನ ನಮ್ಮ ಕಾರ್ಖಾನೆಯಲ್ಲಿ ಯಾರೂ ಬರೆದಿಡದ ಕಾನೂನು ಅದು; ಮಾಲೀಕರೂ ಮಾತು ನಿಲ್ಲಿಸುತ್ತಿದ್ದರು. ಫರ್ಸಿ ಕಲ್ಲಿನ ಚಪ್ಪಡಿಯ ಒಂದು ಮೂಲೆಗೆ ಕಾಕಾ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಇನ್ನೊಂದು ಮೂಲೆಯಲ್ಲಿ ಕಿವಿಯಿಟ್ಟು ಕಣ್ಣು ಮುಚ್ಚುತ್ತಿದ್ದ. ಕಣ್ಣಿಗೆ ಕಾಣದ ಸೀಳು ಒಳಗಿದ್ದರೆ ಎದ್ದು ನಿಂತು ಒಂದೇ ಮಾತು: “ಬಾಜೂಕಿಡ್ರಿ.” ಆ ಕಲ್ಲು ಪಕ್ಕಕ್ಕೆ, ಮಾರಾಟಕ್ಕಿಲ್ಲ. ಕಲ್ಲು ಚೆನ್ನಾಗಿದ್ದರೆ ಅದರ ಬೆನ್ನು ತಟ್ಟಿ, “ಗಟ್ಟಿ ಅದ, ಹೋಗ್ಲಿ” ಎನ್ನುತ್ತಿದ್ದ. ಬಾಜೂಕಿಟ್ಟ ಕಲ್ಲನ್ನು ನಾವು ಕುತೂಹಲಕ್ಕೆ ಒಡೆದು ನೋಡಿದಾಗಲೆಲ್ಲ ಒಳಗೆ ಕೂದಲೆಳೆಯಷ್ಟು ಗೆರೆ ಇದ್ದೇ ಇರುತ್ತಿತ್ತು.

ನಾನು ಮಷೀನಿನವನು, ಹದಿನಾರು ವರ್ಷ ಅವನ ಪಕ್ಕದಲ್ಲೇ ನಿಂತವನು. ಕಾಕಾ ಕಾಗಿಣಾ ದಂಡೆಯ ಮನೆತನದವನು. ಬೆಳಿಗ್ಗೆ ಹೊಳೆಯಲ್ಲಿ ಮುಳುಗೆದ್ದು, ಒಂಟಿಗಾಲಲ್ಲಿ ಕುಣಿದು ಕಿವಿಯ ನೀರು ಕೆಡವಿಕೊಂಡೇ ಕೆಲಸಕ್ಕೆ ಬರುತ್ತಿದ್ದ. ಸೈಕಲ್ಲಿನ ಕಡ್ಡಿಯ ತುದಿ ಬಡಿದು ಚಪ್ಪಟೆ ಮಾಡಿ ಉಡದಾರಕ್ಕೆ ಕಟ್ಟಿಕೊಂಡಿದ್ದ. ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ಅದರಿಂದ ಕಿವಿಯೊಳಗಿನ ಕಲ್ಲಿನ ಪುಡಿ ಕೆರೆದು ತೆಗೆಯಬೇಕು. ನಾನು ಮುಖ ಕಿವುಚಿದರೆ ಬೈಯುತ್ತಿದ್ದ: “ಹತ್ಯಾರ ಸಾಫ್ ಇಡಬೇಕಲೇ ಶರಣ್ಯಾ. ನಿಂದು ಮಷೀನ್ ನೀ ತೊಳಿತಿ, ನಂದು ನಾ ತಿಕ್ಕತೀನಿ.”

ಅವನಿಗೆ ಶುಗರ್ ಇತ್ತು. ಗುಳಿಗೆ ನೆನಪಾದಾಗ ನುಂಗುತ್ತಿದ್ದ, ನೆನಪಾಗುವುದು ಅಪರೂಪ. ಮನೆಯಲ್ಲಿ ಅವನ ಹೆಂಡತಿ ಭೀಮಬಾಯಿ ಕಾಕು ಸಪ್ಪನ್ನ ಚಹಾ ಕೊಟ್ಟರೆ ಮಾತಾಡದೆ ಕುಡಿದು, ಕಾರ್ಖಾನೆಯ ಗೇಟಿನಲ್ಲಿ ಎರಡು ಕಪ್ ಸಿಹಿ ಚಹಾ ಹೊಡೆಯುತ್ತಿದ್ದ. “ಶುಗರ್ ಇರೋದು ಮನ್ಯಾಗಿನ ಸಾಬಣ್ಣಗ. ಇಲ್ಲಿ ನಾ ಬ್ಯಾರೇದಾಂವ” ಎಂಬ ಅವನ ಮಾತಿಗೆ ನಾವೆಲ್ಲ ನಕ್ಕಿದ್ದೇವೆ. ಎಷ್ಟೋ ಸಲ ಆ ಚಹಾ ನಾನೇ ತಂದುಕೊಟ್ಟಿದ್ದೇನೆ.

ಒಂದು ಬೇಸಿಗೆಯಲ್ಲಿ ಅವನ ಬಲಗಿವಿಯಲ್ಲಿ ಹತ್ತಿ ಕಾಣಿಸಿತು. ಕಡ್ಡಿ ತಾಗಿ ಸ್ವಲ್ಪ ರಕ್ತ ಬಂತೆಂದ. ಕಾಕು ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟಳು, ಔಷಧಿ ಅಂಗಡಿಯಿಂದ ಹನಿ ಬಂತು. ನೋವು ಕಡಿಮೆಯಾಗಲಿಲ್ಲ, ಹೆಗಲ ಮೇಲಿನ ಟವೆಲ್ಲಿಗೆ ಕೀವಿನ ಕಲೆ ಬೀಳತೊಡಗಿತು. ಕಾಕಾ ಯಾರಿಗೂ ಹೇಳದೆ ಕಲ್ಲಿನ ಮೇಲೆ ಎಡಗಿವಿ ಇಡಲು ಸುರು ಮಾಡಿದ. ಅದು ನನ್ನ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ. ಅವನು “ಗಟ್ಟಿ ಅದ” ಎಂದು ಬಿಟ್ಟ ದೊಡ್ಡ ಫರ್ಸಿಯೊಂದು ಟೆಂಪೋಕ್ಕೆ ಏರಿಸುವಾಗ ಎರಡು ತುಂಡಾಯಿತು. ಮಾಲೀಕರು ಬೈಯಲಿಲ್ಲ. ನಾನೇ ತಮಾಷೆಗೆ, “ಏನ್ ಕಾಕಾ, ಕಲ್ಲು ಸುಳ್ಳು ಹೇಳ್ತೇನು?” ಎಂದೆ. ಕಾಕಾ ನಗಲಿಲ್ಲ, ತುಂಡುಗಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಒಡೆದ ಅಂಚಿನ ಮೇಲೆ ಬೆರಳಾಡಿಸಿದ.

ಅದಾಗಿ ಸ್ವಲ್ಪ ದಿನಕ್ಕೆ ಕುಡಿಯುವ ಚಹಾ ಅವನ ಬಾಯಿಯ ಬಲ ಮೂಲೆಯಿಂದ ಸೋರಿತು. ತುಟಿ ಎಡಕ್ಕೆ ಎಳೆದಿತ್ತು, ಬಲಗಣ್ಣು ಮುಚ್ಚುತ್ತಿರಲಿಲ್ಲ. ನೋಡಿದವರೆಲ್ಲ “ಲಕ್ವಾ ಹೊಡದದ” ಎಂದರು. ಲಕ್ವಾಕ್ಕೆ ನಮ್ಮ ಕಡೆ ದವಾಖಾನೆಗೆ ಹೋಗುವ ರೂಢಿ ಕಡಿಮೆ. ಗಿಡಮೂಲಿಕೆಯವರ ಹತ್ತಿರ ವಾರಕ್ಕೊಮ್ಮೆಯಂತೆ ಮೂರು ವಾರ ಔಷಧಿ ಮಾಡಿಸುತ್ತಾರೆ. ಚಿಂಚೋಳಿ ದಾಟಿ ಅಡವಿಯಂಚಿನ ಒಂದು ಊರಿಗೆ ನಾನೇ ಅವನನ್ನು ಬೈಕಿನ ಮೇಲೆ ಕರೆದೊಯ್ದೆ. ಎಲ್ಲರಿಗಿಂತ ಮೊದಲು ಓಡಿದವನು ನಾನೆಂಬ ಹಮ್ಮು ಬೇರೆ. ನನ್ನ ಜಾಣತನಕ್ಕೆ ಬೆಂಕಿ ಬೀಳಲಿ.

ದಾರಿಯಲ್ಲಿ ಕಾಕಾ ನನ್ನ ಬೆನ್ನಿಗೆ ಎಡಗಿವಿ ಆನಿಸಿ ಕೂತಿದ್ದ. “ಏನ್ ಕೇಳಲಿಕತ್ತಿ ಕಾಕಾ?” ಎಂದೆ.

“ನಿನ್ನ ಎದಿ. ಗಟ್ಟಿ ಅದ, ಹೋಗ್ಲಿ” ಎಂದ, ಸೊಟ್ಟ ಬಾಯಿಂದ.

ಮೂರು ಭಾನುವಾರ ಹೋಗಿಬಂದೆವು. ಮುಖಕ್ಕೆ ಎಣ್ಣೆ ತಿಕ್ಕಿದರು, ಉಪ್ಪು ಬಿಡಿಸಿದರು. ಕಿವಿಯ ಹತ್ತಿ ತೆಗೆದು ಅವರೂ ನೋಡಲಿಲ್ಲ, ನಾನೂ “ನೋಡ್ರಿ” ಎನ್ನಲಿಲ್ಲ. ಮೂರನೆಯ ಸಲ ತಿರುಗಿ ಬರುವಷ್ಟರಲ್ಲಿ ಕಿವಿಯ ಕೆಳಗೆ ಕುತ್ತಿಗೆ ಬಾತು ಕೆಂಪಾಗಿತ್ತು. ನೀರು ಕೂಡ ಗಂಟಲಲ್ಲಿ ಇಳಿಯಲಿಲ್ಲ.

ಕಲಬುರಗಿಯ ದವಾಖಾನೆಯಲ್ಲಿ ಡಾಕ್ಟರಮ್ಮ ಮೊದಲು ಹತ್ತಿಯನ್ನೇ ತೆಗೆದರು. “ಇದು ಲಕ್ವಾ ಅಲ್ರಿ. ಕಿವಿಯಾಗಿನ ಕೀವು ತಲಿ ಎಲುಬಿಗೆ ಇಳದದ. ಶುಗರ್ ಇದ್ದೋರಿಗೆ ಹಿಂಗ ಆಗ್ತದ. ಮುಖದ ನರ ಅದೇ ಎಲುಬಿನ ಒಳಗಿಂದ ಬರ್ತದ, ಅದಕ್ಕ ಬಾಯಿ ಸೊಟ್ಟಾಗ್ಯಾದ. ಕಿವಿ ಬ್ಯಾನಿ ಎಂದಿನಿಂದ?”

“ಎರಡು ತಿಂಗಳಾತವ್ವ” ಎಂದಳು ಕಾಕು.

“ಬಾಯಿ ಸೊಟ್ಟಾಗಿ?”

“ಮೂರು ವಾರ.”

“ಮೂರು ವಾರ ಎಲ್ಲಿದ್ರಿ?”

ಕಾಕು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಕುತ್ತಿಗೆ ಕೊಯ್ದು ಕೀವು ತೆಗೆದರು, ಸೂಜಿಯ ಮೇಲೆ ಸೂಜಿ ಕೊಟ್ಟರು. ಶುಗರ್ ಹತೋಟಿಗೆ ಬರಲೇ ಇಲ್ಲ. ನಾನು ಕೊನೆಯ ಸಲ ಹೋದಾಗ ಮೂಗಿನಲ್ಲಿ ನಳಿಗೆ ಇತ್ತು, ದನಿ ಹೋಗಿ ಬರೀ ಉಸಿರು ಉಳಿದಿತ್ತು. ಉಡದಾರದಲ್ಲಿ ಆ ಕಡ್ಡಿ ಇರಲಿಲ್ಲ. ಕಾಕು ಕಾಗಿಣಾದಲ್ಲಿ ಎಸೆದು ಬಂದಿದ್ದಳಂತೆ.

ಕಾಕಾ ನನ್ನ ಕೈ ಹಿಡಿದು ಹತ್ತಿರ ಎಳೆದ. ಬಲಗಿವಿಯ ಹಿಂದಿನ ಎಲುಬಿಗೆ ತನ್ನ ಬೆರಳ ಗಣ್ಣಿನಿಂದ ಮೆಲ್ಲಗೆ ಎರಡು ಸಲ ಬಡಿದುಕೊಂಡು, ಕೇಳು ಎಂಬಂತೆ ನನ್ನ ಮುಖ ನೋಡಿದ. ನಾನು ಬಗ್ಗಿ ಅವನ ತಲೆಗೆ ಕಿವಿ ಇಟ್ಟೆ. ಹದಿನಾರು ವರ್ಷ ಪಕ್ಕದಲ್ಲಿದ್ದೂ ನನಗೆ ಕೇಳಲು ಬರುತ್ತಿರಲಿಲ್ಲ. ಏನೂ ಕೇಳಿಸಲಿಲ್ಲ.

“ಗಟ್ಟಿ ಅದ ಕಾಕಾ” ಎಂದೆ.

ಮುಚ್ಚಲಾಗದ ಆ ಬಲಗಣ್ಣಿನಿಂದ ನೀರು ಇಳಿಯುತ್ತಿತ್ತು. ಕಾಕಾ ತಲೆಯಾಡಿಸಿ ಇಲ್ಲವೆಂದ. ನನ್ನ ಕಿವಿಯ ಹತ್ತಿರ ಬಾಯಿ ತಂದು, ಉಸಿರಿನಲ್ಲೇ, ಎಂದಿನಂತೆ ಒಂದೇ ಮಾತು ಹೇಳಿದ.

“ಬಾಜೂಕಿಡು.”